ಇಬ್ನ್ ಬತೂತನ ಮಾತನ್ನು ಎಷ್ಟು ನಂಬಬೇಕು?

ಹೊನ್ನಾವರದ ಓದುಗರೊಬ್ಬರ ಪತ್ರ: ‘ಹೋದ ಸಂಚಿಕೆಯಲ್ಲಿ ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನನ್ನು ಬಾಯಿತುಂಬ ಹೊಗಳಿದ್ದೀರಿ. ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿ ಬರೆಸಿದವನು, ಬೇರೆಯವರ ಗ್ರಂಥದಿಂದ ಎತ್ತಿಕೊಂಡವನು. ಅಂಥವನು ನಮ್ಮೂರಿನ ಬಗ್ಗೆ ಹೇಳಿದ್ದನ್ನು ಚರಿತ್ರೆಯೆಂದು ಒಪ್ಪುವುದು ಹೇಗೆ?’

ಸಂಪಾದಕರ ಉತ್ತರ:

ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. 1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮೊರಾಕ್ಕೊದ ಟಾಂಜಿಯರ್‌ನಿಂದ ಹಜ್‌ಗೆಂದು ಹೊರಟವನು ತಾಯ್ನಾಡಿಗೆ ಮರಳಿದ್ದು 1349ರಲ್ಲಿ. ಆಮೇಲೂ ಗ್ರನಾಡಾ, ಮಾಲಿ ಎಂದು ತಿರುಗಿದ. ಕೊನೆಗೆ ಮೊರಾಕ್ಕೊದ ಸುಲ್ತಾನ ಅಬು ಇನಾನ್‌ನ ಅಪ್ಪಣೆಯಂತೆ ಫೆಜ್ ನಗರದಲ್ಲಿ ಕುಳಿತು ಹೇಳಿದ. ಇಬ್ನ್ ಜುಝೈ ಎಂಬ ವಿದ್ವಾಂಸ ಬರೆದುಕೊಂಡ. ದಮಾಸ್ಕಸ್ಸಿನ ವರ್ಣನೆಯ ಬಹುಪಾಲು ಬತೂತನಿಗಿಂತ ಮೊದಲು ಅಲ್ಲಿಗೆ ಹೋಗಿದ್ದ ಪ್ರವಾಸಿ ಇಬ್ನ್ ಜುಬೈರನದು. ವೋಲ್ಗಾ ತೀರದ ಬುಲ್ಘಾರ್‌ಗೆ ಹೋಗಿಬಂದೆನೆಂಬುದನ್ನು ವಿದ್ವಾಂಸರು ನಂಬುವುದಿಲ್ಲ. ಚೀನಾದ ಭಾಗದ ಬಗ್ಗೆಯೂ ಅನುಮಾನಗಳಿವೆ.

ಅವನ ಟಿಪ್ಪಣಿಗಳು ಹೋದದ್ದಾದರೂ ಎಲ್ಲಿ? ಬುಖಾರಾದ ಗೋರಿಗಳ ಮೇಲಿನ ಬರಹಗಳನ್ನು ನಕಲು ಮಾಡಿಟ್ಟುಕೊಂಡಿದ್ದೆ, ಹಿಂದೂಸ್ತಾನದ ಕಡಲಲ್ಲಿ ದರೋಡೆಯಾದಾಗ ಅವೂ ಹೋದವು ಎನ್ನುತ್ತಾನೆ. ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ಪುಟ್ಟ ದ್ವೀಪವೊಂದರ ಬಳಿ ಹನ್ನೆರಡು ಹಡಗುಗಳಲ್ಲಿ ಬಂದ ಕಳ್ಳರು ತನ್ನನ್ನು ದೋಚಿ, ಉಟ್ಟ ಇಜಾರವೊಂದನ್ನು ಬಿಟ್ಟು ಮಿಕ್ಕೆಲ್ಲ ಕಿತ್ತುಕೊಂಡರೆಂದೂ ಅವನೇ ಹೇಳಿದ್ದಾನೆ. ನಿಮ್ಮ ಊರಿನ ನೀರಿನಲ್ಲೇ!

ಹಾಗಿದ್ದರೂ ಹೊನ್ನಾವರದ ಭಾಗವನ್ನು ನಾನು ನಂಬುತ್ತೇನೆ. ಮುಹಮ್ಮದ್ ಬಿನ್ ತುಘಲಕ್‌ನ ದಿಲ್ಲಿಯಲ್ಲಿ ಖಾಜಿ, ಅಂದರೆ ನ್ಯಾಯಾಧೀಶನಾಗಿದ್ದು, ಚೀನಾಕ್ಕೆ ರಾಯಭಾರಿಯಾಗಿ ಹೊರಟು ಕರಾವಳಿಗೆ ಬಂದವನು ಇವನು. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗುಗಳು ಹೋದ ಮೇಲೆ ಮತ್ತೆ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಆಶ್ರಯಕ್ಕೇ ಬಂದ. ಅಲ್ಲಿನ ಊಟದ ವಿವರ ಓದಿ. ತಾಮ್ರದ ತಟ್ಟೆಗೆ ದೊಡ್ಡ ಸೌಟಿನಿಂದ ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಕೋಳಿ, ಆಮೇಲೆ ಮೀನು, ಕೊನೆಗೆ ಮೊಸರು. ಮಳೆಗಾಲದಲ್ಲಿ ತಣ್ಣೀರು ಆಗದೆಂದು ಬಿಸಿನೀರು ಕುಡಿಯುತ್ತಾರಂತೆ. ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅಲ್ಲಿದ್ದೆ ಎಂದು ಗೊಣಗುತ್ತಾನೆ. ಅನ್ನ ಗಂಟಲಿಗಿಳಿಯಲು ನೀರು ಕುಡಿಯಬೇಕಾಗುತ್ತಿತ್ತು ಎಂಬ ದೂರೂ ಇದೆ. ಇದನ್ನು ಯಾವ ಗ್ರಂಥದಿಂದ ಎತ್ತಿಕೊಳ್ಳಲು ಸಾಧ್ಯ? ಎಲೆಯ ಮುಂದೆ ಕುಳಿತು ಉಂಡವನ ಮಾತಿದು.

ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ, ಹುಡುಗಿಯರ ಶಾಲೆಗಳನ್ನು ಬೇರೆಲ್ಲೂ ಕಾಣಲಿಲ್ಲ ಎಂದಿದ್ದಾನೆ. ಎಣಿಕೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಆಗಿರಲಿ. ಮಾಲ್ಡೀವ್ಸ್‌ನಲ್ಲಿ ಖಾಜಿಯಾಗಿ ಹೆಂಗಸರ ಉಡುಗೆಯ ಮೇಲೆ ಕಟ್ಟಳೆ ಹೇರಲು ಹೊರಟ, ದಾಸಿಯರನ್ನು ಕೊಂಡುಕೊಂಡ ಮನುಷ್ಯ ಇವನು. ಇಂಥವನು ಹುಡುಗಿಯರ ಶಾಲೆಗಳನ್ನು ನೋಡಿ ಅಚ್ಚರಿಪಟ್ಟಿದ್ದಾನೆಂದರೆ ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಲು ನನ್ನಿಂದಾಗದು.

ಇನ್ನೊಂದು ಕಾರಣವೂ ಇದೆ. ಹೊನ್ನಾವರದ ಈ ಸುಲ್ತಾನ ‘ಹರ್ಯಬ್’ ಎಂಬ ಹಿಂದೂ ದೊರೆಗೆ ಅಧೀನನಾಗಿದ್ದನೆಂದು ಬರೆಸಿದ್ದಾನೆ. ಹಲವು ಇತಿಹಾಸಕಾರರು ಅವನನ್ನು ವಿಜಯನಗರದ ಒಂದನೆಯ ಹರಿಹರನೆಂದೇ ಗುರುತಿಸುತ್ತಾರೆ. ಆಗಿನ್ನೂ ಆ ರಾಜ್ಯ ಕಣ್ಣು ಬಿಡುತ್ತಿದ್ದ ಕಾಲ. ದಮಾಸ್ಕಸ್ಸಿನ ಪುಟಗಳಲ್ಲಿ ಅವನನ್ನು ನೀವು ಎಷ್ಟು ಬೇಕಾದರೂ ಜಗ್ಗಿ ನೋಡಿ. ಹೊನ್ನಾವರದ ಪುಟಗಳನ್ನು ಮಾತ್ರ ಶಾಸನಗಳ ಜೊತೆಗಿಟ್ಟು ಇನ್ನೊಮ್ಮೆ ಓದಿ, ಏನನ್ನಿಸಿತೆಂದು ಬರೆಯಿರಿ.