ಮಕ್ಕಳನ್ನು ವಿಮಾನ ಹತ್ತಿಸಲು ಯಾವ ಚೀಟಿ ಬೇಕು?

ಪ್ರಶ್ನೆ: ಸಾಂಬ್ರಾದಿಂದ ಬೆಂಗಳೂರಿಗೆ ವಿಮಾನದಲ್ಲಿ ಹೊರಟಿದ್ದೇವೆ. ಮಗಳಿಗೆ 7 ವರ್ಷ, ಮಗನಿಗೆ ಇನ್ನೂ 2 ತುಂಬಿಲ್ಲ. ಇಬ್ಬರಿಗೂ ಆಧಾರ್ ಮಾಡಿಸಿಲ್ಲ. ಒಳಗೆ ಬಿಡುತ್ತಾರಾ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಬಿಡುತ್ತಾರೆ, ಗಾಬರಿ ಬೇಡ. ದೇಶದೊಳಗಿನ ಪ್ರಯಾಣದಲ್ಲಿ ಅಪ್ಪ-ಅಮ್ಮನ ಹತ್ತಿರ ಸರಿಯಾದ ಫೋಟೊ ಗುರುತಿನ ಚೀಟಿ ಇದ್ದರೆ, ಜೊತೆಗಿರುವ ಮಕ್ಕಳಿಗೆ ಬೇರೆ ಕೇಳುವುದಿಲ್ಲ. ಆದರೂ ಮಗಳ ಶಾಲೆಯ ಐಡಿ ಕಾರ್ಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಅದೇನು ಭಾರವಲ್ಲ.

ನಿಜವಾಗಿ ನೋಡಬೇಕಾದದ್ದು ಮಗನ ವಿಷಯ. 2 ವರ್ಷದೊಳಗಿನ ಕೂಸು ತೊಡೆ ಮೇಲೆ ಕೂರುತ್ತದೆ, ಟಿಕೆಟ್ ದರವೂ ಬೇರೆ, ಹಾಗಾಗಿ ವಿಮಾನ ಸಂಸ್ಥೆಯವರು ವಯಸ್ಸಿನ ದಾಖಲೆ ಕೇಳಿಯೇ ಕೇಳುತ್ತಾರೆ. ಜನನ ಪ್ರಮಾಣಪತ್ರವೇ ಎಲ್ಲಕ್ಕಿಂತ ಒಳ್ಳೆಯದು. ಹುಟ್ಟಿದ ದಿನಾಂಕ ಬರೆದಿರುವ ಲಸಿಕೆ ಕಾರ್ಡನ್ನೂ ಕೆಲವರು ಒಪ್ಪುತ್ತಾರೆ, ಆದರೆ ಅದೊಂದನ್ನೇ ನಂಬಿ ಹೋಗಬೇಡಿ, ಮೊದಲೇ ಫೋನ್ ಮಾಡಿ ಕೇಳಿ. ದಾಖಲೆ ಇಲ್ಲದಿದ್ದರೆ ಪೂರ್ತಿ ಟಿಕೆಟ್ ದುಡ್ಡು ಕೊಡಬೇಕಾಗಬಹುದು.

ನಿಮ್ಮ ಆಧಾರ್ ಮೊಬೈಲಿನಲ್ಲಿದ್ದರೆ ಡಿಜಿಲಾಕರ್ ಅಥವಾ ಎಂ-ಆಧಾರ್‌ನಲ್ಲಿ ತೋರಿಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ನಡೆಯುವುದಿಲ್ಲ. ಇನ್ನೊಂದು ಮಾತು: ವಾಪಸ್ ಬರುವಷ್ಟರಲ್ಲಿ ಮಗನಿಗೆ 2 ತುಂಬುತ್ತದಾ? ಹಾಗಿದ್ದರೆ ಬರುವ ಟಿಕೆಟ್‌ನಲ್ಲಿ ಅವನಿಗೂ ಸೀಟು ತೆಗೆದುಕೊಳ್ಳಿ.