ಡಿಪ್ಲೊಮಾಕ್ಕೆ ಒಂದು ಪಟ್ಟಿ, ವಿಶ್ವವಿದ್ಯಾಲಯಕ್ಕೆ ಇನ್ನೊಂದು

ಪ್ರಶ್ನೆ: ಮಾನ್ಯರೇ, ನಾವು ಮೈಸೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದು ಎರಡು ವರ್ಷಗಳಾದವು. ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ಆಗಸ್ಟಿನಲ್ಲಿ ಹೈಸ್ಕೂಲು ಸೇರುತ್ತಾಳೆ. ನಾಲ್ಕು ವರ್ಷಗಳಲ್ಲಿ ಯಾವ ಯಾವ ಕೋರ್ಸ್‌ಗಳನ್ನು ಓದುವಳೆಂದು ಬರೆದುಕೊಡಲು ಶಾಲೆಯವರು ಒಂದು ಹಾಳೆ ಕಳುಹಿಸಿದ್ದಾರೆ. ನಮ್ಮ ಕಾಲದಲ್ಲಿ ಪಿಯುಸಿಗೆ ಪಿಸಿಎಂಬಿ ಎಂದು ಬರೆದುಕೊಟ್ಟರೆ ಮುಂದಿನ ದಾರಿ ತಾನಾಗಿಯೇ ನಿಶ್ಚಯವಾಗುತ್ತಿತ್ತು. ಈ ಹಾಳೆಯ ಮೇಲ್ಭಾಗದಲ್ಲಿ ಗ್ರಾಜುಯೇಶನ್‌ಗೆ ಬೇಕಾದ ವಿಷಯಗಳ ಪಟ್ಟಿಯಿದೆ. ಅಷ್ಟನ್ನು ಪೂರೈಸಿದರೆ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾಕಾಗುತ್ತದೆಯೇ? ಮಗಳು ಆರನೆಯ ತರಗತಿಯವರೆಗೆ ಕನ್ನಡ ಓದಿದ್ದಾಳೆ. ಅದಕ್ಕೆ ಇಲ್ಲಿ ಬೆಲೆಯಿದೆಯೇ?
— ಒಬ್ಬ ತಾಯಿ, ಸ್ಯಾನ್ ಹೋಸೆ

ಉತ್ತರ: ಸಾಲದೇ ಹೋಗಬಹುದು. ಈ ಸಂಗತಿಯನ್ನು ಒಂಬತ್ತನೆಯ ತರಗತಿಗೆ ಮೊದಲೇ ನೀವು ಕೇಳಿದ್ದೀರಿ ಎಂಬುದೇ ನನಗೆ ಸಮಾಧಾನ ತಂದಿದೆ, ಏಕೆಂದರೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹನ್ನೆರಡನೆಯ ತರಗತಿಯ ಪಾಲಕರವು.

ಹೈಸ್ಕೂಲು ಮುಗಿಸಿದವರಿಗೆ ಕೊಡುವ ಪ್ರಮಾಣಪತ್ರಕ್ಕೆ ಇಲ್ಲಿ ಡಿಪ್ಲೊಮಾ ಎನ್ನುತ್ತಾರೆ. ಅದಕ್ಕೆ ಬೇಕಾದ ವಿಷಯಗಳನ್ನು ರಾಜ್ಯವೂ ಸ್ಥಳೀಯ ಸ್ಕೂಲ್ ಡಿಸ್ಟ್ರಿಕ್ಟೂ (ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಸೇರಿ ಗೊತ್ತುಮಾಡುತ್ತವೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಬೇಕಾದ ವಿಷಯಗಳನ್ನು ವಿಶ್ವವಿದ್ಯಾಲಯ ಗೊತ್ತುಮಾಡುತ್ತದೆ. ರಾಜ್ಯದ ಕನಿಷ್ಠ ಪಟ್ಟಿಯಲ್ಲಿ ಇಂಗ್ಲಿಷ್ 3 ವರ್ಷ, ಗಣಿತ 2 ವರ್ಷ, ವಿಜ್ಞಾನ 2 ವರ್ಷ, ಸಮಾಜ ವಿಜ್ಞಾನ 3 ವರ್ಷ, ದೈಹಿಕ ಶಿಕ್ಷಣ 2 ವರ್ಷ ಇವೆ. ಇವುಗಳ ಜೊತೆಗೆ ಕಲೆ, ಅನ್ಯಭಾಷೆ ಅಥವಾ ವೃತ್ತಿ ಶಿಕ್ಷಣ ಇವುಗಳಲ್ಲಿ ಯಾವುದಾದರೂ ಒಂದನ್ನು ಒಂದು ವರ್ಷ ಓದಿದರೆ ಆಯಿತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಎಲ್ಲರೂ ಯುಸಿ ಎನ್ನುವ ಸಂಸ್ಥೆ, ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಕೇಳುವ ಪಟ್ಟಿಗೆ ಎ-ಜಿ ಎಂದು ಹೆಸರು, ಏಕೆಂದರೆ ಅದರ ಏಳು ವಿಷಯಗಳಿಗೆ ಎ ಇಂದ ಜಿ ವರೆಗೆ ಒಂದೊಂದು ಅಕ್ಷರವಿದೆ. ಸಮಾಜ ವಿಜ್ಞಾನ 2 ವರ್ಷ, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷಲ್ಲದ ಒಂದು ಭಾಷೆ 2, ಕಲೆ 1, ಐಚ್ಛಿಕ ವಿಷಯ 1. ಹೀಗೆ ಒಟ್ಟು 15 ವರ್ಷಪೂರ್ತಿ ಕೋರ್ಸ್‌ಗಳು. ಯುಸಿಯ ನಿಯಮದಂತೆ ಇವುಗಳಲ್ಲಿ 11 ಕೋರ್ಸ್‌ಗಳು ಹನ್ನೆರಡನೆಯ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ದೈಹಿಕ ಶಿಕ್ಷಣಕ್ಕೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಹಲವು ಡಿಸ್ಟ್ರಿಕ್ಟ್‌ಗಳು ರಾಜ್ಯದ ಕನಿಷ್ಠಕ್ಕಿಂತ ಹೆಚ್ಚನ್ನೇ ಕೇಳುತ್ತವೆ, ಕೆಲವು ತಮ್ಮ ಪಟ್ಟಿಯನ್ನು ಎ-ಜಿಗೆ ಹೊಂದಿಸಿಯೂ ಇವೆ. ಆದರೂ ನಿಮ್ಮ ಶಾಲೆಯ ಪಟ್ಟಿ ಎ-ಜಿಯ ಜೊತೆ ಸರಿಹೊಂದುತ್ತದೆ ಎಂದು ಊಹಿಸದೆ ಎರಡನ್ನೂ ಎದುರುಬದುರು ಇಟ್ಟು ನೋಡಿ.

ಹೀಗೆ ನೋಡದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಒಮ್ಮೆ ಒಂದು ಕುಟುಂಬದವರು ಮಗನ ಟ್ರಾನ್ಸ್‌ಕ್ರಿಪ್ಟನ್ನು (ಕೋರ್ಸು ಮತ್ತು ಗ್ರೇಡುಗಳ ದಾಖಲೆ) ಊಟದ ಮೇಜಿನ ಮೇಲೆ ಹರಡಿ ನನ್ನನ್ನು ಕೂರಿಸಿಕೊಂಡರು. ಹುಡುಗ ಹನ್ನೆರಡನೆಯ ತರಗತಿಗೆ ಬಂದಾಗಿತ್ತು, ಅಂಕಗಳು ಒಳ್ಳೆಯವಿದ್ದವು. ಒಂಬತ್ತನೆಯ ತರಗತಿಯ ಸಾಲಿನಲ್ಲಿ ಮೊದಲ ಸೆಮಿಸ್ಟರಿಗೆ ಕುಂಬಾರಿಕೆ, ಎರಡನೆಯದಕ್ಕೆ ನಾಟಕ ಎಂದಿತ್ತು, ಎರಡರ ಎದುರಿಗೂ 5.0 ಕ್ರೆಡಿಟ್. ಡಿಪ್ಲೊಮಾದ ಲೆಕ್ಕದಲ್ಲಿ ಕಲೆಯ 10 ಕ್ರೆಡಿಟ್ ಪೂರ್ಣವಾಗಿತ್ತು. ಆದರೆ ಎ-ಜಿ ಪಟ್ಟಿಯ ಕಲೆಯ ಮನೆಗೆ ಅವೆರಡೂ ಸೇರಿ ತುಂಬಲಿಲ್ಲ, ಏಕೆಂದರೆ ಅಲ್ಲಿ ಅರ್ಧರ್ಧ ವರ್ಷದ ಎರಡು ಕೋರ್ಸ್‌ಗಳು ಒಂದೇ ಕಲಾಪ್ರಕಾರಕ್ಕೆ ಸೇರಿರಬೇಕು. ಆ ಹುಡುಗ ತಾನು ಬಹಳ ಆಸೆಪಟ್ಟಿದ್ದ ಒಂದು ವಿಜ್ಞಾನದ ಕೋರ್ಸನ್ನು ಕೈಬಿಟ್ಟು, ಆ ಪೀರಿಯಡ್ಡಿನಲ್ಲಿ ಚಿತ್ರಕಲೆಗೆ ಕೂರಬೇಕಾಯಿತು. ಹದಿನಾಲ್ಕು ವರ್ಷದ ಮಗು ಖುಷಿಯಿಂದ ಮಾಡಿದ ಆಯ್ಕೆಯಲ್ಲಿ ತಪ್ಪೇನಿರಲಿಲ್ಲ. ಪಕ್ಕದಲ್ಲಿ ಕುಳಿತು ಎರಡನೆಯ ಪಟ್ಟಿಯನ್ನು ತೋರಿಸುವವರು ಮಾತ್ರ ಯಾರೂ ಇರಲಿಲ್ಲ.

ಇನ್ನೊಂದು ಎಚ್ಚರಿಕೆ ಕೋರ್ಸಿನ ಹೆಸರಿಗೆ ಸಂಬಂಧಿಸಿದ್ದು. ಶಾಲೆಯಲ್ಲಿ ಕಲಿಸುವ ಪ್ರತಿಯೊಂದು ಕೋರ್ಸಿಗೂ ಯುಸಿಯ ಮಾನ್ಯತೆ ಇರುವುದಿಲ್ಲ. ಯುಸಿ ತನ್ನ ಜಾಲತಾಣದಲ್ಲಿ ಪ್ರತಿ ಹೈಸ್ಕೂಲಿನ ಮಾನ್ಯ ಕೋರ್ಸ್‌ಗಳ ಪಟ್ಟಿಯನ್ನು ವರ್ಷವಾರು ಪ್ರಕಟಿಸುತ್ತದೆ. ನಿಮ್ಮ ಶಾಲೆಯ ಹೆಸರನ್ನು ಅಲ್ಲಿ ಹುಡುಕಿ, ಹಾಳೆಯಲ್ಲಿ ಬರೆಯಲಿರುವ ಒಂದೊಂದು ಕೋರ್ಸೂ ಅಲ್ಲಿ ಅದೇ ಹೆಸರಿನಲ್ಲಿ ಇದೆಯೇ, ಯಾವ ಅಕ್ಷರದ ಕೆಳಗಿದೆ ಎಂದು ಗುರುತು ಹಾಕಿಕೊಳ್ಳಿ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಇದು. ಕೋರ್ಸುಗಳ ಆಯ್ಕೆಗೆ ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ನೋಡಿಕೊಳ್ಳುತ್ತಾರೆ ಎಂದು ಬಿಟ್ಟುಬಿಡಬೇಡಿ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿರಬೇಕೆಂದು ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘವೇ ಶಿಫಾರಸು ಮಾಡಿದೆ, ಕ್ಯಾಲಿಫೋರ್ನಿಯಾದ ಅನೇಕ ಶಾಲೆಗಳಲ್ಲಿ ಆ ಸಂಖ್ಯೆ ಇನ್ನೂ ಹೆಚ್ಚು. ಗುರುತು ಹಾಕಿದ ಹಾಳೆಯನ್ನು ಹಿಡಿದು ಹೋದರೆ ಅವರ ಹದಿನೈದು ನಿಮಿಷವೂ ನಿಮಗೆ ದಕ್ಕುತ್ತದೆ.

ಗಣಿತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾಲ್ಕು ವರ್ಷದ ಯೋಜನೆಯಲ್ಲಿ ಮೊದಲಿಟ್ಟ ಹೆಜ್ಜೆಯೇ ಕೊನೆಯ ಹೆಜ್ಜೆಯನ್ನು ನಿರ್ಧರಿಸುವ ವಿಷಯ ಅದೊಂದೇ. ಒಂಬತ್ತನೆಯ ತರಗತಿಯಲ್ಲಿ ಆಲ್ಜಿಬ್ರಾ-1 ಆರಂಭಿಸಿದರೆ ಮುಂದೆ ಜ್ಯಾಮಿಟ್ರಿ, ಆಲ್ಜಿಬ್ರಾ-2, ಹನ್ನೆರಡರಲ್ಲಿ ಪ್ರಿಕ್ಯಾಲ್ಕುಲಸ್ ಬರುತ್ತದೆ; ಎಂಟರಲ್ಲೇ ಆಲ್ಜಿಬ್ರಾ-1 ಮುಗಿಸಿದವರು ಹನ್ನೆರಡರಲ್ಲಿ ಕ್ಯಾಲ್ಕುಲಸ್ ತಲುಪುತ್ತಾರೆ. ಏಳು ಮತ್ತು ಎಂಟನೆಯ ತರಗತಿಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡಿನಲ್ಲಿ ಮುಗಿಸಿದ ಹೈಸ್ಕೂಲ್ ಮಟ್ಟದ ಗಣಿತ ಮತ್ತು ಭಾಷೆಯನ್ನು ಯುಸಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯುಸಿ ಕೇಳುವುದು 3 ವರ್ಷದ ಗಣಿತ, ಶಿಫಾರಸು ಮಾಡುವುದು 4 ವರ್ಷದ್ದು. ಎಂಜಿನಿಯರಿಂಗಿನ ಆಸೆಯಿದ್ದರೆ ಕ್ಯಾಲ್ಕುಲಸ್‌ವರೆಗೆ ಹೋಗುವುದು ಒಳ್ಳೆಯದು, ಆದರೆ ಅದಕ್ಕಾಗಿ ಆಲ್ಜಿಬ್ರಾವನ್ನು ಬೇಸಿಗೆಯ ಐದಾರು ವಾರಗಳಲ್ಲಿ ಓಡಿಸಿ ಮುಗಿಸಬೇಡಿ. ಭಿನ್ನರಾಶಿ, ಸಮೀಕರಣಗಳಲ್ಲಿ ಕೈ ಪಳಗದ ಮಗು ಎರಡು ವರ್ಷದ ನಂತರ ಲಾಗರಿದಮ್ಮಿನ ಮುಂದೆ ಕಣ್ಣೀರು ಹಾಕುವುದನ್ನು ನೋಡಿದ ಮೇಲೆಯೇ ಈ ಮಾತನ್ನು ಹೇಳುತ್ತಿದ್ದೇನೆ.

ಇನ್ನು ಕನ್ನಡ. ಭಾಷೆಯ ಎರಡು ವರ್ಷವನ್ನು ತರಗತಿಯಲ್ಲಿ ಕುಳಿತೇ ಪೂರೈಸಬೇಕೆಂಬ ಕಡ್ಡಾಯವಿಲ್ಲ. ಇಂಗ್ಲಿಷಲ್ಲದ ಭಾಷೆಯಲ್ಲಿ ಸಾಮರ್ಥ್ಯವಿದೆಯೆಂದು ಸರಿಯಾದ ಆಧಾರದ ಮೇಲೆ ದೃಢೀಕರಿಸಿದರೂ ಯುಸಿ ಒಪ್ಪುತ್ತದೆ. ಮಗಳ ಮೈಸೂರಿನ ಅಂಕಪಟ್ಟಿಗಳನ್ನು ಜೋಪಾನವಾಗಿಟ್ಟು, ದೃಢೀಕರಣದ ವಿಧಾನವನ್ನು ಒಂಬತ್ತನೆಯ ತರಗತಿಯಲ್ಲೇ ಕೌನ್ಸೆಲರ್ ಜೊತೆ ಮಾತನಾಡಿ ಲಿಖಿತವಾಗಿ ಪಡೆಯಿರಿ. ಇದಲ್ಲದೆ, ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯನ್ನು ಓದಿ ಬರೆದು ಮಾತನಾಡಬಲ್ಲ ಮಕ್ಕಳ ಡಿಪ್ಲೊಮಾಕ್ಕೆ ರಾಜ್ಯವು ದ್ವಿಭಾಷಾ ಸಾಮರ್ಥ್ಯದ ಮುದ್ರೆ ಹಾಕಿಕೊಡುವ ವ್ಯವಸ್ಥೆ 2012ರಿಂದ ಜಾರಿಯಲ್ಲಿದೆ. ದೇಶದಲ್ಲಿ ಇದನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯಾವೇ. ಆದ್ದರಿಂದ ಮನೆಯಲ್ಲಿ ಕನ್ನಡದ ಬರವಣಿಗೆಯನ್ನು ನಿಲ್ಲಿಸಬೇಡಿ. ಹೊರರಾಜ್ಯದ ಅಥವಾ ಖಾಸಗಿ ವಿಶ್ವವಿದ್ಯಾಲಯಗಳ ಯೋಚನೆಯಿದ್ದರೆ ಮಾತ್ರ ಶಾಲೆಯಲ್ಲೂ ಒಂದು ಭಾಷೆಯನ್ನು ಎರಡು ಮೂರು ವರ್ಷ ಓದಿಸುವುದು ಸುರಕ್ಷಿತ, ಏಕೆಂದರೆ ಅವುಗಳ ನಿಯಮಗಳು ಬೇರೆ ಬೇರೆ.

ಪ್ರಶ್ನೆ: ನನ್ನ ಮಗ ಒಂಬತ್ತರಲ್ಲಿ ಆಲ್ಜಿಬ್ರಾ-1ರ ಎರಡನೆಯ ಸೆಮಿಸ್ಟರಿನಲ್ಲಿ ಡಿ ಪಡೆದಿದ್ದ. ಈಗ ಹತ್ತನೆಯ ತರಗತಿಯ ಇಂಗ್ಲಿಷಿನಲ್ಲೂ ಒಂದು ಸೆಮಿಸ್ಟರ್ ಡಿ ಬಂದಿದೆ. ಶಾಲೆಯವರು ಪಾಸಾಗಿದ್ದಾನೆ, ಕ್ರೆಡಿಟ್ ಸಿಕ್ಕಿದೆ ಎನ್ನುತ್ತಾರೆ. ಯುಸಿಯ ದಾರಿ ಮುಚ್ಚಿತೇ?
— ಒಬ್ಬ ತಂದೆ, ಸ್ಯಾಕ್ರಮೆಂಟೊ

ಉತ್ತರ: ಮುಚ್ಚಿಲ್ಲ. ಶಾಲೆಯವರು ಹೇಳಿದ್ದು ಡಿಪ್ಲೊಮಾದ ಮಟ್ಟಿಗೆ ನಿಜ. ಎ-ಜಿ ಲೆಕ್ಕದಲ್ಲಿ ಮಾತ್ರ ಪ್ರತಿ ಸೆಮಿಸ್ಟರಿನಲ್ಲೂ ಕನಿಷ್ಠ ಸಿ ಬೇಕು. ಎರಡು ಡಿಗಳಿಗೂ ಪರಿಹಾರ ಬೇರೆ ಬೇರೆ. ಗಣಿತದಲ್ಲಿ ಮೇಲಿನ ಹಂತದ ಕೋರ್ಸು ಕೆಳಗಿನದನ್ನು ಎತ್ತಿಹಿಡಿಯುತ್ತದೆ: ಆಲ್ಜಿಬ್ರಾ-2ರಲ್ಲಿ ಸಿ ಅಥವಾ ಹೆಚ್ಚಿನ ಗ್ರೇಡು ಬಂದರೆ ಆಲ್ಜಿಬ್ರಾ-1ರ ಕೊರತೆ ತುಂಬಿದಂತೆಯೇ. ಜ್ಯಾಮಿಟ್ರಿಯನ್ನು ಓದದೇ ಹಾರಿಹೋದರೆ ಮಾತ್ರ ಅದನ್ನು ಮುಂದಿನ ಯಾವ ಕೋರ್ಸೂ ತುಂಬಿಕೊಡುವುದಿಲ್ಲ, ಇದನ್ನು ನೆನಪಿಡಿ. ಇಂಗ್ಲಿಷಿಗೆ ಈ ಸೌಲಭ್ಯವಿಲ್ಲ. ಆ ಸೆಮಿಸ್ಟರನ್ನು ಮತ್ತೆ ಓದಲೇಬೇಕು. ಬರುವ ಬೇಸಿಗೆಯ ತರಗತಿಯಲ್ಲೇ ಓದಿಸಿ, ಆ ಕೋರ್ಸಿಗೆ ಯುಸಿ ಮಾನ್ಯತೆ ಇದೆಯೇ ಎಂದು ಸೇರುವ ಮೊದಲು ಖಚಿತಪಡಿಸಿಕೊಳ್ಳಿ. ಯುಸಿ ಸರಾಸರಿ ಲೆಕ್ಕಹಾಕುವುದು ಹತ್ತು ಮತ್ತು ಹನ್ನೊಂದನೆಯ ತರಗತಿಗಳ ಗ್ರೇಡ್‌ಗಳಿಂದ. ಹಾಗಾಗಿ ಒಂಬತ್ತರ ಡಿ ಸರಾಸರಿಯನ್ನು ಮುಟ್ಟುವುದಿಲ್ಲ; ಹತ್ತರ ಡಿಯನ್ನು ಪುನಃ ಓದಿ ಸಿ ಅಥವಾ ಮೇಲೆ ತಂದರೆ ಹೊಸ ಗ್ರೇಡೇ ಲೆಕ್ಕಕ್ಕೆ ಬರುತ್ತದೆ. ಎ ಗ್ರೇಡಿಗೆ 4, ಬಿಗೆ 3, ಸಿಗೆ 2 ಎಂಬ ಲೆಕ್ಕದಲ್ಲಿ ರಾಜ್ಯದ ನಿವಾಸಿಗಳಿಗೆ ಕನಿಷ್ಠ ಸರಾಸರಿ 3.0, ಹೊರಗಿನವರಿಗೆ 3.4. ಮಗನಿಗೆ ಈ ವಿವರವನ್ನೆಲ್ಲ ನೀವೇ ಕೂರಿಸಿಕೊಂಡು ಹೇಳಿ. ಬೈಗುಳ ಅವನಿಗೆ ಈಗಾಗಲೇ ಸಾಕಷ್ಟು ಸಿಕ್ಕಿರಬಹುದು, ದಾರಿ ತೋರಿಸಿದವರು ಕಡಿಮೆ.

ಪ್ರಶ್ನೆ: ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಮುಂದಿನ ವರ್ಷ ನನ್ನ ಗೆಳತಿಯರು ಐದು ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸ್‌ಗಳನ್ನು ತೆಗೆದುಕೊಳ್ಳುತ್ತಿದ್ದಾರೆ. ನನಗೆ ಸಂಗೀತ ಬಿಡಲು ಮನಸ್ಸಿಲ್ಲ. ಎಷ್ಟು ಎಪಿ ತೆಗೆದುಕೊಂಡರೆ ಸಾಕು? ಹನ್ನೆರಡರ ಗ್ರೇಡುಗಳನ್ನು ಯಾರೂ ನೋಡುವುದಿಲ್ಲವೆಂಬುದು ನಿಜವೇ?
— ಒಬ್ಬ ವಿದ್ಯಾರ್ಥಿನಿ, ಅರ್ವೈನ್

ಉತ್ತರ: ಯುಸಿಯ ಸರಾಸರಿಗೆ ಎಪಿಯಂಥ ಆನರ್ಸ್ ಮಟ್ಟದ ಕೋರ್ಸ್‌ಗಳಿಂದ ಸೇರುವ ಹೆಚ್ಚುವರಿ ಅಂಕಕ್ಕೆ ಮಿತಿಯಿದೆ: ಒಟ್ಟು 8 ಸೆಮಿಸ್ಟರ್, ಅದರಲ್ಲಿ ಹತ್ತನೆಯ ತರಗತಿಯಿಂದ 4ಕ್ಕಿಂತ ಹೆಚ್ಚಿಲ್ಲ. ಅಂದರೆ ವರ್ಷಪೂರ್ತಿ ನಡೆಯುವ ನಾಲ್ಕು ಕೋರ್ಸ್‌ಗಳಿಗೆ ಈ ಮಿತಿ ಮುಗಿಯುತ್ತದೆ. ಅರ್ಜಿಯನ್ನು ಓದುವವರು ಕೋರ್ಸ್‌ಗಳ ಕಠಿಣತೆಯನ್ನೂ ಗಮನಿಸುತ್ತಾರೆ, ಆದರೆ ಅದು ಯುಸಿ ಪರಿಗಣಿಸುವ 13 ಅಂಶಗಳಲ್ಲಿ ಕೆಲವು ಮಾತ್ರ; ನಿನ್ನ ಶಾಲೆಯಲ್ಲಿ ಏನು ಲಭ್ಯವಿತ್ತು ಎಂಬುದರ ಹಿನ್ನೆಲೆಯಲ್ಲೇ ಅದನ್ನು ತೂಗುತ್ತಾರೆ. ನಿನಗೆ ನಿಜವಾಗಿ ಆಸಕ್ತಿಯಿರುವ ಎರಡು ಮೂರು ವಿಷಯಗಳಲ್ಲಿ ಎಪಿ ತೆಗೆದುಕೊಂಡು ಅವುಗಳಲ್ಲಿ ಚೆನ್ನಾಗಿ ಓದು. ಸಂಗೀತವನ್ನು ಖಂಡಿತ ಬಿಡಬೇಡ. ರಾತ್ರಿ ಒಂದು ಗಂಟೆಯವರೆಗೆ ಕುಳಿತು ಐದು ವಿಷಯಗಳಲ್ಲಿ ಸಿ ಪಡೆಯುವುದರಿಂದ ನಿನಗೆ ಯಾವ ಲಾಭವೂ ಇಲ್ಲ.

ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಓದುವ ಅವಕಾಶವನ್ನೂ ವಿಚಾರಿಸು. ಯುಸಿಗೆ ವರ್ಗಾಯಿಸಬಹುದಾದ ಒಂದು ಸೆಮಿಸ್ಟರಿನ ಕಾಲೇಜು ಕೋರ್ಸನ್ನು ಹೈಸ್ಕೂಲಿನ ಒಂದು ವರ್ಷಕ್ಕೆ ಸಮನಾಗಿ ಎಣಿಸುತ್ತಾರೆ. ಆದರೆ ಆ ಗ್ರೇಡು ನಿನ್ನ ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಆದ್ದರಿಂದ ಬಿಡುವಿರುವ ಅವಧಿಯಲ್ಲಿ ಮಾತ್ರ ಸೇರು. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ತರಬೇತಿಗೆ ಹಣ ಕಟ್ಟುವ ಮೊದಲು ಒಂದು ಸಂಗತಿ ತಿಳಿದಿರಲಿ: 2020ರ ಮೇ ತಿಂಗಳ ನಿರ್ಣಯದ ನಂತರ ಯುಸಿ ಹಂತಹಂತವಾಗಿ ಅದನ್ನು ಕೈಬಿಟ್ಟಿತು, ಈಗ ಪ್ರವೇಶದ ತೀರ್ಮಾನದಲ್ಲಿ ಅದರ ಅಂಕಗಳನ್ನು ನೋಡುವುದೇ ಇಲ್ಲ. ಅದನ್ನು ಕೇಳುವ ಬೇರೆ ವಿಶ್ವವಿದ್ಯಾಲಯಗಳು ನಿನ್ನ ಪಟ್ಟಿಯಲ್ಲಿದ್ದರೆ ಮಾತ್ರ ಓದು.

ಹನ್ನೆರಡನೆಯ ತರಗತಿಯ ಬಗ್ಗೆ ನೀನು ಕೇಳಿದ್ದು ಅರ್ಧ ಸತ್ಯ. ಆ ವರ್ಷದ ಗ್ರೇಡುಗಳು ಯುಸಿಯ ಸರಾಸರಿಯಲ್ಲಿ ಸೇರುವುದಿಲ್ಲ, ಆದರೆ ನೀನು ಓದುತ್ತಿರುವ ಕೋರ್ಸ್‌ಗಳ ಹೆಸರುಗಳು ಅರ್ಜಿಯಲ್ಲೇ ಇರುತ್ತವೆ. ಅರ್ಜಿಯಲ್ಲಿ ಕೋರ್ಸು ಮತ್ತು ಗ್ರೇಡುಗಳನ್ನು ವಿದ್ಯಾರ್ಥಿಯೇ ತುಂಬಬೇಕು. ಶಾಲೆಯ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಪ್ರವೇಶ ಸಿಕ್ಕಿದ ಮೇಲೆ ಹೋಗುತ್ತದೆ, ಆಗ ಎರಡೂ ತಾಳೆಯಾಗಬೇಕು. ಆದ್ದರಿಂದ ಅರ್ಜಿ ತುಂಬುವಾಗ ನೆನಪಿನಿಂದ ಬರೆಯದೆ ಟ್ರಾನ್ಸ್‌ಕ್ರಿಪ್ಟಿನ ಪ್ರತಿಯನ್ನು ಎದುರಿಗಿಟ್ಟುಕೋ. ಪ್ರವೇಶಪತ್ರ ಬಂದ ನಂತರ ಒಂದು ಕೋರ್ಸನ್ನು ಬಿಟ್ಟರೆ ಅಥವಾ ಯಾವುದಾದರೂ ಸೆಮಿಸ್ಟರಿನಲ್ಲಿ ಡಿ ಬಂದರೆ ಅದನ್ನು ಆ ಯುಸಿ ಆವರಣಕ್ಕೆ ನೀನಾಗಿಯೇ ಕೂಡಲೇ ತಿಳಿಸಬೇಕು. ಇಂಥ ಕಾರಣಕ್ಕೆ ಕೊಟ್ಟ ಪ್ರವೇಶವನ್ನು ಹಿಂಪಡೆಯುವ ಅಧಿಕಾರ ಅವರಿಗಿದೆ.