ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆಗಿ ಎರಡು ತಿಂಗಳು. ಅನ್ನ ಇಳಿಯುತ್ತಿಲ್ಲ. ಗಂಜಿ ಸಾಕಾ, ಪ್ರೋಟೀನ್ ಪುಡಿ ಕೊಡಬೇಕಾ?

ಗಂಜಿಯೋ ಪುಡಿಯೋ ಅನ್ನುವ ಪ್ರಶ್ನೆ ಸದ್ಯ ಪಕ್ಕಕ್ಕಿಡಿ. ಅನ್ನ ಯಾಕೆ ಇಳಿಯುತ್ತಿಲ್ಲ ಅಂತ ಈ ವಾರವೇ ತೋರಿಸಿ. ನಿಮ್ಮ ಅಪ್ಪ ಇರುವ ಜಾಗದಲ್ಲಿ ನಾನು ಇದ್ದೆ.

ನಮ್ಮದು ಶ್ರೀನಿವಾಸಪುರದ ಕಡೆ. 2021ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅನ್ನನಾಳ ತೆಗೆದು, ಹೊಟ್ಟೆಯ ಚೀಲವನ್ನೇ ಕೊಳವೆ ಮಾಡಿ ಮೇಲಕ್ಕೆಳೆದು ಕುತ್ತಿಗೆಯಲ್ಲಿ ಜೋಡಿಸಿದರು. ಆರನೇ ದಿನ ಕುತ್ತಿಗೆಯ ಗಾಯದಿಂದ ಎಂಜಲು ಸೋರಿತು. ಜೋಡಣೆ ಲೀಕ್ ಆಗಿದೆ ಅಂದರು. ಮೂರು ವಾರ ಬಾಯಿಗೆ ಹನಿ ನೀರೂ ಇಲ್ಲ, ಕರುಳಿಗೆ ಹಾಕಿದ್ದ ಟ್ಯೂಬಿನಲ್ಲೇ ಎಲ್ಲ. ಲೀಕ್ ತಾನಾಗಿಯೇ ಮುಚ್ಚಿಕೊಂಡಿತು. ಊಟ ಸೇರತೊಡಗಿದ ಮೇಲೆ ಟ್ಯೂಬ್ ತೆಗೆದರು.

ತಪ್ಪು ಮಾಡಿದ್ದು ಆಮೇಲೆ. ನಮ್ಮಲ್ಲಿ ಮುದ್ದೆ ಅಗಿಯುವುದಿಲ್ಲ, ನುಂಗುತ್ತೇವೆ. ಒಂದು ರಾತ್ರಿ ಗೋಲಿ ಗಾತ್ರದ ತುತ್ತನ್ನು ಸಾರಿನಲ್ಲಿ ಅದ್ದಿ ನುಂಗಿದೆ. ಕುತ್ತಿಗೆಯ ಗುಂಡಿಯಲ್ಲಿ ನಿಂತುಬಿಟ್ಟಿತು. ನೀರು ಕುಡಿದರೆ ನೀರೂ ವಾಪಸ್, ಬಾಯಿ ತುಂಬ ನೊರೆ. ಮಾರನೇ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ನಾನು ಮುದ್ದೆ ಬಿಟ್ಟೆ, ಅಷ್ಟೇ. ಮೆತ್ತಗಿನ ಅನ್ನಕ್ಕೆ ಬಂದೆ. ಅದೂ ನಿಂತಾಗ ಮಿಕ್ಸಿಗೆ ಹಾಕಿಸಿದೆ. ಆಮೇಲೆ ರಾಗಿ ಗಂಜಿ. ಆಮೇಲೆ ಅದನ್ನೂ ನನ್ನ ಹೆಂಡತಿ ಟೀ ಜಾಲರಿಯಲ್ಲಿ ಸೋಸಿ ಕೊಡುತ್ತಿದ್ದಳು. ಇಳಿಯುತ್ತದಲ್ಲ, ಸಾಕು ಅಂತ ಇಬ್ಬರೂ ಸಮಾಧಾನ ಮಾಡಿಕೊಂಡೆವು. ಆಸ್ಪತ್ರೆಯಿಂದ ಫೋನ್ ಮಾಡಿ ಊಟ ಮಾಡ್ತೀರಾ ಅಂತ ಕೇಳಿದರೆ, "ಮಾಡ್ತೀನಿ ಸಾರ್" ಅನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಭಯ. ಕ್ಯಾನ್ಸರ್ ತಿರುಗಿ ಬಂದಿದೆ ಅಂತ ಯಾರ ಬಾಯಿಂದಲೂ ಕೇಳಲು ಧೈರ್ಯ ಇರಲಿಲ್ಲ. ಹೀಗೇ ಆರು ವಾರ ಕಳೆದೆ. 54 ಕೆಜಿ ಇದ್ದವನು 46ಕ್ಕೆ ಇಳಿದೆ. ಕೊನೆಗೆ ಮಜ್ಜಿಗೆಯೂ ನಿಂತಿತು.

ಎಂಡೋಸ್ಕೋಪಿ ಮಾಡಿದರು. ಚೂರು ತೆಗೆದು ಪರೀಕ್ಷೆಗೂ ಕಳಿಸಿದರು. ಕ್ಯಾನ್ಸರ್ ಇರಲಿಲ್ಲ. ಗಾಯ ಮಾಗುವಾಗ ಜೋಡಣೆಯ ಜಾಗ ಕಿರಿದಾಗಿತ್ತು. ಲೀಕ್ ಆದವರಿಗೆ ಇದು ಜಾಸ್ತಿಯಂತೆ. ಬಲೂನ್ ಹಾಕಿ ಹಿಗ್ಗಿಸಿದರು. ಅವತ್ತು ಸಂಜೆ ಅರ್ಧ ಲೋಟ ನೀರು ಗಂಟಲಲ್ಲಿ ನಿಲ್ಲದೆ ಹೋಯಿತು. ಗೋಡೆ ಕಡೆ ತಿರುಗಿ ಅತ್ತೆ. ಆದರೆ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಮೂಗಿನಿಂದ ಮತ್ತೆ ಟ್ಯೂಬ್ ಹಾಕಿದರು. ಎರಡು ವಾರಕ್ಕೊಂದರಂತೆ ಇನ್ನೂ ನಾಲ್ಕು ಸಲ ಹಿಗ್ಗಿಸಿದರು.

ಪುಡಿ ಬೇಕೋ ಬೇಡವೋ ಆಸ್ಪತ್ರೆಯ ಡಯಟಿಶಿಯನ್ ಹೇಳುತ್ತಾರೆ. ಶಕ್ತಿ ಬರಲಿ ಅಂತ ಸಿಹಿ ಮಾತ್ರ ತುಂಬಬೇಡಿ. ನಾನು ಬಾದಾಮಿ ಮಾವಿನ ರಸಕ್ಕೆ ಸಕ್ಕರೆ ಹಾಕಿ ಕುಡಿದು, ಕಾಲು ಗಂಟೆಯಲ್ಲಿ ಎದೆ ಢವಢವ, ಮೈಯೆಲ್ಲ ಬೆವರು, ಮಲಗಿಬಿಟ್ಟೆ. ಹೊಟ್ಟೆ ಕೊಳವೆಯಾದ ಮೇಲೆ ಸಿಹಿ ಒಮ್ಮೆಲೇ ಕರುಳಿಗೆ ನುಗ್ಗುತ್ತದೆ. ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ, ನೀರು ಊಟದ ಜೊತೆ ಬೇಡ. ಮಂಚದ ತಲೆ ಕಡೆ ಎತ್ತರಿಸಿ, ಇಲ್ಲದಿದ್ದರೆ ರಾತ್ರಿ ಕಹಿನೀರು ಗಂಟಲಿಗೆ ಬರುತ್ತದೆ.

ಡಾಕ್ಟರ್ ಹತ್ತಿರ "ಊಟ ಮಾಡ್ತಾರೆ" ಅನ್ನಬೇಡಿ. ಯಾವುದು ಇಳಿಯುತ್ತದೆ, ಯಾವುದು ನಿಲ್ಲುತ್ತದೆ, ಎಷ್ಟು ಕೆಜಿ ಇಳಿದಿದ್ದಾರೆ ಅಂತ ಬರೆದುಕೊಂಡು ಹೋಗಿ. ನೀರೂ ಇಳಿಯದಿದ್ದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ನಾಳೆ ಅನ್ನಬೇಡಿ, ಅವತ್ತೇ ಹೊರಡಿ.